ಹಿಂದಿನ ಸೀಟಿನ ಎಂಟು ಮಿಲಿಮೀಟರ್

ನಮ್ಮ ಅಡುಗೆಮನೆಯ ಗೂಡಿನಲ್ಲಿ, ಚಕ್ಕುಲಿ ಒರಳಿನ ಪಕ್ಕ, ಅಡುಗೆಗೆ ಸಂಬಂಧವೇ ಇಲ್ಲದ ಒಂದು ಕಬ್ಬಿಣದ ಸಾಮಾನು ಇದೆ. ಗೇಣುದ್ದದ ಹಿಡಿ, ತುದಿಯಲ್ಲಿ ಗಿಣಿಯ ಕೊಕ್ಕಿನಂತೆ ಬಾಗಿದ ಮೂತಿ. ಮನೆಗೆ ಬಂದವರು ಅದನ್ನು ತೆಂಗಿನಕಾಯಿ ಸುಲಿಯುವ ಹೊಸ ಸಾಧನ ಎಂದುಕೊಳ್ಳುತ್ತಾರೆ. ನನ್ನ ಹೆಂಡತಿ ಸುಧಾ ಅದರ ಕೊಕ್ಕನ್ನು ಉಪ್ಪಿನಕಾಯಿ ಜಾಡಿಯ ಬಿಗಿದ ಮುಚ್ಚಳಕ್ಕೆ ಸಿಕ್ಕಿಸಿ ತಿರುಗಿಸುತ್ತಾಳೆ. "ನಿಮ್ಮ ಆ ಕಾರಿಂದ ಈ ಮನೆಗಾಗಿರೋ ಉಪಯೋಗ ಇದೊಂದೇ ನೋಡ್ರಿ" ಎನ್ನುತ್ತಾಳೆ.

ಮೊನ್ನೆ ಪಕ್ಕದ ಮನೆಯವರು ಅದನ್ನು ಎರವಲು ಕೇಳಲು ಬಂದು, ಇದರ ಹೆಸರೇನು, ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು. ಬಾಯಿ ತೆರೆದವನು ಮುಚ್ಚಿಕೊಂಡೆ. ಅದರ ಹೆಸರು ಹೇಳಿದರೆ ಕಾರಿನ ಕಥೆ ಹೇಳಬೇಕು, ಕಾರಿನ ಕಥೆ ಹೇಳಿದರೆ ಗುಬ್ಬಿಯ ಸರ್ವಮಂಗಳಮ್ಮನವರ ಕಥೆ ಹೇಳಬೇಕು. ಆ ನೆರೆಯವರು ಮರುದಿನದಿಂದ ನನ್ನನ್ನು ನೋಡುವ ರೀತಿಯೇ ಬದಲಾಗಿಬಿಡುತ್ತದೆ. ನೀವಾದರೆ ದೂರದವರು. ಹೇಳಬಹುದು.

ನನ್ನ ಮನೆ ತುಮಕೂರಿನಲ್ಲಿ, ಕೆಲಸ ಕುಣಿಗಲ್ಲಿನಲ್ಲಿ. ಜಮೀನು ಅಳೆಯುವ ಸರ್ವೆಯವನು ನಾನು. ಒಂದು ಮೊಳ ನೆಲಕ್ಕಾಗಿ ಅಣ್ಣತಮ್ಮಂದಿರು ಕುಡುಗೋಲು ಎತ್ತಿಕೊಂಡು ನಿಂತಾಗ ಅವರಿಬ್ಬರ ನಡುವೆ ಅಳತೆಪಟ್ಟಿ ಹಿಡಿದು ನಿಲ್ಲುವ ಪ್ರಾಣಿ. ಇಪ್ಪತ್ತಾರು ವರ್ಷ ಇದನ್ನೇ ಮಾಡಿ, ಏನು ಕಂಡರೂ ಅಳೆಯುವ ಚಟ ಹತ್ತಿದೆ. ಸುಧಾ ಚಪಾತಿ ಬಡಿಸಿದರೆ ಅದರ ವ್ಯಾಸ ಎಷ್ಟಿರಬಹುದು ಎಂದು ಮನಸ್ಸು ತಾನಾಗಿ ಲೆಕ್ಕ ಹಾಕುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟು ಬುದ್ಧಿ ಇದೆ.

ಇಂಥವನು ಐವತ್ತೊಂದನೆಯ ವಯಸ್ಸಿನಲ್ಲಿ, ಗೌರಿ ಹಬ್ಬದ ಮುನ್ನಾದಿನ, ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಕಾರಿನ ವ್ಯಾಪಾರಿಯೊಬ್ಬನಿಂದ ಹದಿಮೂರು ವರ್ಷ ಹಳೆಯ ಒಂದು ವಿದೇಶಿ ಕಾರು ತಂದೆ. ಕಡುನೀಲಿ ಬಣ್ಣ, ನಾಲ್ಕು ಬಾಗಿಲು, ನೆಲಕ್ಕೆ ಹತ್ತಿಕೊಂಡ ಮೈ. ರೇಸಿನ ಕಾರಿನ ಇಂಜಿನ್ನು, ಅದರ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುತ್ತದೆ ಎಂದು ನಾನು ಹೆಮ್ಮೆಯಿಂದ ವಿವರಿಸಿದೆ. ಸುಧಾ ಕಾರನ್ನು ಒಂದು ಸುತ್ತು ಬಂದು, "ಇರೋದೇ ನಾಲ್ಕು. ನಾಲ್ಕಕ್ಕೂ ಹೋಗ್ದೆ ಇನ್ನೆಲ್ಲಿಗೆ ಹೋಗ್ಬೇಕಿತ್ತು?" ಎಂದಳು. ನಾನು ಅದನ್ನು ಗಂಟೆಗೆ ಐವತ್ತು ಕಿಲೋಮೀಟರಿನ ಮೇಲೆ ಓಡಿಸಿದವನಲ್ಲ. ಮೊಪೆಡ್ಡಿನ ಮೇಲೆ ಕಾಯಿ ಮೂಟೆ ಹೇರಿಕೊಂಡವರೂ ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಕಚೇರಿಗೆ ನೇರ ದಾರಿ ಇದ್ದರೂ ಬೆಳಗ್ಗೆ ಕುಣಿಗಲ್ ಕೆರೆ ಏರಿಯ ಮೇಲೆ ಒಂದು ಸುತ್ತು, ಕುದುರೆ ಫಾರಮ್ಮಿನ ಬೇಲಿಯ ಪಕ್ಕ ಇನ್ನೊಂದು ಸುತ್ತು ಹಾಕಿ, ಕಿಟಕಿ ಮುಚ್ಚಿಕೊಂಡು ಹಾಡಿಕೊಳ್ಳುತ್ತಾ ಹೋಗುವುದೇ ನನ್ನ ಸುಖವಾಗಿತ್ತು. ನನ್ನ ಹಾಡನ್ನು ಮನೆಯಲ್ಲಿ ಯಾರೂ ಸಹಿಸುವುದಿಲ್ಲ.

ಒಂದೇ ತೊಂದರೆ. ಅದರ ಶಾಕ್ ಅಬ್ಸಾರ್ಬರುಗಳು ಪೂರ್ತಿ ಸತ್ತಿದ್ದವು. ಕಾರು ತೆಪ್ಪದಂತೆ ಓಲಾಡುತ್ತಿತ್ತು. ಪ್ರತಿ ಹಂಪಿನಲ್ಲೂ ಅದರ ಹೊಟ್ಟೆ ಕರ್ರೆಂದು ಉಜ್ಜಿ, ಆ ಶಬ್ದ ನನ್ನ ಬೆನ್ನುಹುರಿಗೆ ತಾಗುತ್ತಿತ್ತು. ಶಿರಾ ಗೇಟಿನ ಹಿಂದಿನ ಬೀದಿಯಲ್ಲಿ ಗ್ಯಾರೇಜು ಇಟ್ಟಿರುವ ರಿಯಾಜ್ ಭಾಯ್ ಕೆಳಗೆ ಇಣುಕಿ ನೋಡಿ ಹೇಳಿದ:

"ಸಾರ್, ಕಂಪನಿ ಶಾಕ್ ಈಗ ಸಿಗಲ್ಲ. ಕಾಯಿಲೋವರ್ ಹಾಕ್ಸಿಬಿಡಿ."

ಕಾಯಿಲೋವರ್ ಎಂದರೆ ಶಾಕು ಮತ್ತು ಸ್ಪ್ರಿಂಗು ಎರಡೂ ಒಂದೇ ಕಂಬದಲ್ಲಿರುವ ಜೋಡಿ. ಸ್ಪ್ರಿಂಗಿನ ನಡುವೆ ಶಾಕು ನಿಂತಿರುತ್ತದೆ. ಕಂಬದ ಮೈಗೆ ಬೋಲ್ಟಿಗಿರುವಂತೆ ತಿರುಪಿನ ಗೆರೆ ಕೊರೆದಿರುತ್ತಾರೆ. ಅದರ ಮೇಲೆ ಕೂತ ಬಳೆಯನ್ನು ತಿರುಗಿಸಿದರೆ ಕಾರು ಏರುತ್ತದೆ ಅಥವಾ ಇಳಿಯುತ್ತದೆ. ನೆತ್ತಿಯ ಮೇಲೊಂದು ಗುಬುಟು. ಅದನ್ನು ತಿರುವಿದರೆ ಟಿಕ್ ಟಿಕ್ ಎಂದು ಗಟ್ಟಿಯಾಗುತ್ತದೆ, ಇಲ್ಲವೇ ಮೆತ್ತಗಾಗುತ್ತದೆ. ಬಳೆ ತಿರುಗಿಸುವ ಕೊಕ್ಕಿನ ಸ್ಪ್ಯಾನರೇ ಈಗ ಉಪ್ಪಿನಕಾಯಿ ಜಾಡಿ ತೆಗೆಯುತ್ತಿರುವುದು. ಲೋಕದ ಯುವಕರೆಲ್ಲ ಕಾರು ನೆಲಕ್ಕಿಳಿಸಲು ಇದನ್ನು ಹಾಕಿಸುತ್ತಾರಂತೆ. ನಾನು ಹಂಪು ದಾಟಲು ಎತ್ತರಿಸಿಕೊಳ್ಳಲು ಹಾಕಿಸಿದೆ.

ಪೆಟ್ಟಿಗೆ ಮನೆಗೆ ಬಂದ ದಿನ ಅಪ್ಪ ಅದನ್ನು ತೆಗೆಸಿಕೊಂಡು ಒಂದೊಂದನ್ನೇ ತೊಡೆಯ ಮೇಲಿಟ್ಟು ಸವರಿ ನೋಡಿದರು. ಅವರಿಗೆ ಎಂಬತ್ತೆರಡು. ಕಣ್ಣಿಗೆ ಬೆಳಕು ನೆರಳು ಬಿಟ್ಟು ಹೆಚ್ಚೇನೂ ಕಾಣುವುದಿಲ್ಲ. ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಲಾಳ ಕಟ್ಟುತ್ತಿದ್ದವರು.

"ಇದು ಕುದ್ರೆ ಕಾಲೇ ಕಣ್ಲಾ" ಎಂದರು. "ಇಲ್ಲಿ ಮೂಳೆ, ಇಲ್ಲಿ ನರ."

ಅಪ್ಪ ಕೆಲಸದಿಂದ ಬಂದರೆ ಸುಟ್ಟ ಗೊರಸಿನ ವಾಸನೆ ಅವರಿಗಿಂತ ಮೊದಲು ಮನೆಯೊಳಗೆ ಬರುತ್ತಿತ್ತು. ಕೂದಲು ಸುಟ್ಟಂಥ ಆ ವಾಸನೆ ನನಗೆ ಇವತ್ತಿಗೂ ಇಷ್ಟ. ರಜದ ದಿನ ನನ್ನನ್ನು ಬೇಲಿಯ ಮೇಲೆ ಕೂರಿಸಿ ಕಣ್ಣು ಮುಚ್ಚಿಸುತ್ತಿದ್ದರು. ಕುದುರೆಯೊಂದು ಮುಂದೆ ಹಾದುಹೋಗುತ್ತಿತ್ತು. ಯಾವ ಕಾಲಿಗೆ ನೋವಿದೆ, ಹೇಳಬೇಕು. ನಾನು ಯಾವತ್ತೂ ಸರಿಯಾಗಿ ಹೇಳಲಿಲ್ಲ. ಅಪ್ಪ ಯಾವತ್ತೂ ತಪ್ಪಲಿಲ್ಲ. ಬೆನ್ನ ಮೇಲೆ ಸವಾರ ಇದ್ದಾನೋ ಇಲ್ಲವೋ, ಇದ್ದರೆ ಹಳಬನೋ ಹೊಸಬನೋ ಎಲ್ಲವನ್ನೂ ಹೆಜ್ಜೆಯ ಸದ್ದಿನಲ್ಲೇ ಹೇಳುತ್ತಿದ್ದರು. ಒಮ್ಮೆ ಒಂದು ಬಿಳಿ ಕುದುರೆ ಹಾದುಹೋದಾಗ ಹಣೆ ಗಂಟಿಕ್ಕಿ, "ಇದ್ರ ಮೇಲೆ ಯಾರೂ ಇಲ್ಲ. ಆದ್ರೆ ಯಾರೋ ಅವ್ರೆ ಅನ್ಕಂಡು ನಡೀತಾ ಐತೆ" ಎಂದಿದ್ದರು. ಅದರ ಸವಾರ ಹಿಂದಿನ ವಾರ ಜ್ವರದಲ್ಲಿ ತೀರಿಕೊಂಡಿದ್ದ. ನಾನಾಗ ಚಿಕ್ಕವನು. ಬೇಲಿಯಿಂದ ಇಳಿದು ಮನೆಗೆ ಓಡಿದ್ದೆ.

ರಿಯಾಜ್ ಭಾಯ್ ಒಂದು ಶನಿವಾರ ಪೂರ್ತಿ ಕೂತು ನಾಲ್ಕೂ ಕಾಯಿಲೋವರ್ ಹಾಕಿದ. ಚಕ್ರದ ನಡುಬಿಂದುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ನಾನೇ ಅಳತೆಪಟ್ಟಿ ಹಿಡಿದೆ. ಹಿಂದಿನ ಎಡ, ಹಿಂದಿನ ಬಲ, ಎರಡೂ ಒಂದೇ ಸಮ, ಒಂದು ಮಿಲಿಮೀಟರಿನ ವ್ಯತ್ಯಾಸವಿಲ್ಲ. ಗುಬುಟನ್ನು ಗಟ್ಟಿಯ ಕಡೆಗೆ ತಿರುಗಿಸಿದೆವು. ಓಲಾಟ ನಿಂತಿತು. ಹಂಪುಗಳನ್ನು ಕಾರು ಸೀರೆ ಎತ್ತಿ ಹಿಡಿದು ನೀರು ದಾಟುವವರಂತೆ ದಾಟಿತು. ನನಗೆ ಆದ ಸಂತೋಷ ಎಷ್ಟೆಂದರೆ ರಿಯಾಜ್ ಭಾಯಿಗೂ ಒಂದು ಹಾಡು ಹೇಳಿದೆ. ಅವನು ಸಭ್ಯ, ಕೇಳಿದ.

ಸೋಮವಾರ ಕುಣಿಗಲ್ ಕಚೇರಿಯ ಅಂಗಳದಲ್ಲಿ ನಿಲ್ಲಿಸಿ ಇಳಿದವನು ಹಿಂದಿರುಗಿ ನೋಡಿದೆ. ಅಳತೆಯ ಕಣ್ಣು ಸುಮ್ಮನಿರುವುದಿಲ್ಲ. ಹಿಂದಿನ ಎಡಭಾಗ ಕೊಂಚ ಕುಸಿದಂತಿತ್ತು. ಬ್ಯಾಗಿನಿಂದ ಪಟ್ಟಿ ತೆಗೆದು ಅಳೆದೆ. ಎಂಟು ಮಿಲಿಮೀಟರ್ ಕೆಳಗೆ. ಅಂಗಳವೇ ವಾಲಿರಬಹುದೆಂದು ಕಾರು ತಿರುಗಿಸಿ ನಿಲ್ಲಿಸಿ ಅಳೆದೆ. ಆಗಲೂ ಎಂಟು. ಹೊಸ ಸ್ಪ್ರಿಂಗು ಕೂತಿರಬೇಕು, ನಾಳೆ ಬಳೆ ತಿರುಗಿಸಿದರಾಯಿತು ಎಂದುಕೊಂಡು ಸಂಜೆ ಮನೆಗೆ ಬಂದೆ. ಬೆಳಗ್ಗೆ ಸ್ಪ್ಯಾನರು ಹಿಡಿದು ಹೋಗಿ ಅಳೆದರೆ ಎರಡೂ ಕಡೆ ಸರಿಸಮ.

ಮಂಗಳವಾರ ಕುಣಿಗಲ್ಲಿನಲ್ಲಿ ಎಂಟು ಕೆಳಗೆ. ಬುಧವಾರ ಬೆಳಗ್ಗೆ ಮನೆಯಲ್ಲಿ ಸಮ. ಕುಣಿಗಲ್ಲಿನಲ್ಲಿ ಮತ್ತೆ ಎಂಟು. ಎರಡು ವಾರ ಹೀಗೇ ನಡೆಯಿತು. ಏಳೂ ಅಲ್ಲ, ಒಂಬತ್ತೂ ಅಲ್ಲ. ದಾರಿಯಲ್ಲಿ ಯಾರೋ ಹತ್ತಿ, ನಾನು ಇಳಿದು ಹೋದ ಮೇಲೆ ನಿಧಾನವಾಗಿ ಇಳಿದು ಹೋಗುತ್ತಿರುವ ಹಾಗೆ.

ಹಾಗೆಂದುಕೊಂಡ ಕ್ಷಣವೇ ನನ್ನ ತಲೆಗೆ ಒಂದು ಪರೀಕ್ಷೆ ಹೊಳೆಯಿತು. ಭಾನುವಾರ ಮನೆಯ ಮುಂದೆ ಸುಧಾಳನ್ನು ಹಿಂದಿನ ಎಡ ಸೀಟಿನಲ್ಲಿ ಕೂರಿಸಿ ಅಳೆದೆ. ಏಳು ಮಿಲಿಮೀಟರ್ ಇಳಿಯಿತು. ಅವಳ ತೂಕ ಐವತ್ತೆಂಟು. ನಾನು ಒಳಗೆ ಕೂತು ಅವಳ ಕೈಯಲ್ಲಿ ಅಳೆಸಿದೆ. ಹತ್ತು. ನನ್ನ ತೂಕ ಎಂಬತ್ತು. ಕಾಗದದ ಮೇಲೆ ಒಂದು ಗೆರೆ ಎಳೆದು, ಎಂಟು ಮಿಲಿಮೀಟರಿಗೆ ಎಷ್ಟು ಎಂದು ನೋಡಿದೆ. ಅರವತ್ತೈದು ಕಿಲೋ. ಉತ್ತರ ಸಿಕ್ಕಿತೆಂದು ನನಗೆ ಖುಷಿಯಾಯಿತು. ಸುಧಾ ಮಾತ್ರ ಸೀಟನ್ನೇ ನೋಡುತ್ತಾ ನಿಂತಿದ್ದಳು.

"ರೀ, ಅರವತ್ತೈದು ಕಿಲೋ ಅಂದ್ರಲ್ಲ. ಯಾರ ತೂಕ ಅಳೆದ್ರಿ ನೀವು?"

ನನ್ನ ಕೈಯಲ್ಲಿದ್ದ ಕಾಗದ ತಣ್ಣಗಾದ ಹಾಗಾಯಿತು. ಆವತ್ತಿನಿಂದ ಅವಳು ಆ ಕಾರು ಹತ್ತಲಿಲ್ಲ.

ಅದರ ಮರುವಾರ ಅಪ್ಪನನ್ನು ಕುಣಿಗಲ್ಲಿಗೆ ಕರೆದುಕೊಂಡು ಹೋಗಬೇಕಿತ್ತು. ಪಿಂಚಣಿ ಬರಬೇಕಾದರೆ ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋಗಿ ನಾನಿನ್ನೂ ಬದುಕಿದ್ದೇನೆ ಎಂದು ಬರೆದುಕೊಡಬೇಕಲ್ಲ, ಅದಕ್ಕೆ. ಬೆಳಗ್ಗೆ ಎಂಟೂವರೆಗೆ ಹೊರಟೆವು. ಅಪ್ಪ ನನ್ನ ಪಕ್ಕದ ಸೀಟಿನಲ್ಲಿ, ಕೋಲನ್ನು ಮೊಣಕಾಲಿನ ನಡುವೆ ಹಿಡಿದು ಕೂತಿದ್ದರು. ಹೆಬ್ಬೂರು ದಾಟಿದ ಮೇಲೆ ಕತ್ತು ಅರೆ ತಿರುಗಿಸಿ ಕೇಳಿದರು:

"ಯಾಕವ್ವ ಸುಧಾ, ಆಗ್ಲಿಂದ ಒಂದ್ ಮಾತೂ ಆಡ್ಲಿಲ್ಲ? ಇವ್ನತ್ರ ಜಗಳಾನಾ?"

"ಅಪ್ಪ, ಸುಧಾ ಬಂದಿಲ್ಲ. ಮನೇಲವ್ಳೆ."

"ಹಂಗಾರೆ ಹಿಂದೆ ಕುಂತಿರೋದು ಯಾರ್ಲಾ?"

"ಯಾರೂ ಇಲ್ಲ."

ಅಪ್ಪ ಕಣ್ಣು ಮುಚ್ಚಿಕೊಂಡರು. ಬೇಲಿಯ ಬಳಿ ಕುದುರೆಯ ಹೆಜ್ಜೆ ಕೇಳುವಾಗ ಮುಚ್ಚಿಕೊಳ್ಳುತ್ತಿದ್ದಂತೆಯೇ. ಎರಡು ತಿರುವು ಕಳೆಯಿತು.

"ಹಿಂದ್ಲೆ ಎಡಗಾಲ ಮೇಲೆ ಭಾರ ಐತೆ ಕಣ್ಲಾ" ಎಂದರು ಮೆಲ್ಲಗೆ.

"ಡಿಕ್ಕೀಲಿ ಸ್ಟೆಪ್ನಿ ಇದೆ ಅಪ್ಪ."

"ಮೂಟೆ ಭಾರ ನಂಗೊತ್ತಿಲ್ವಾ? ಮೂಟೆ ಬಿದ್ದಂಗೆ ಬಿದ್ದಿರ್ತದೆ. ಇದು ಹಂಗಲ್ಲ. ತಿರುವು ಬರೋಕ್ ಮುಂಚೆ ಮೈ ಸಂಬಾಳಿಸ್ಕತೈತೆ."

ನಾನು ಕನ್ನಡಿ ನೋಡಲಿಲ್ಲ. ಕುಣಿಗಲ್ ತಲುಪುವವರೆಗೂ ನೋಡಲಿಲ್ಲ. ಆವತ್ತು ಹಾಡಲೂ ಇಲ್ಲ.

ಬ್ಯಾಂಕಿನ ಕೆಲಸ ಮುಗಿಸಿ ಬಂದ ಅಪ್ಪ ಕಾರಿನ ಬಾಗಿಲಿನ ಬಳಿ ನಿಂತುಬಿಟ್ಟರು. ಹಿಂದಿನ ಚಕ್ರದ ಮೇಲೆ ಅಂಗೈ ಇಟ್ಟು, "ನಾ ಹತ್ತಲ್ಲ" ಎಂದರು. "ಯಾರಾರ ಕುಂತ್ಕಳ್ಳಿ, ಅದು ಬ್ಯಾರೆ ಮಾತು. ಈ ಕಾಲು ನೋಯ್ತಾ ಐತೆ. ಕಿರುಗುಟ್ತೈತೆ. ಕುಂಟೋ ಕುದ್ರೆ ಹತ್ಬಾರ್ದು. ನೀನೂ ಹತ್ಬ್ಯಾಡ."

ಅವರನ್ನು ಗುರುತಿನವರ ಜೊತೆ ತುಮಕೂರಿನ ಬಸ್ಸಿಗೆ ಹತ್ತಿಸಿದೆ. ಕಾರನ್ನು ಅಲ್ಲೇ ಬಿಡಲು ನನಗೆ ಮನಸ್ಸು ಬರಲಿಲ್ಲ. ಸಂಜೆ ಐದಕ್ಕೆ ಒಬ್ಬನೇ ಹೊರಟೆ. ಒಳಗಿನ ಕನ್ನಡಿಯನ್ನು ಮೇಲೆತ್ತಿ ಬರೀ ಚಾವಣಿ ಕಾಣುವಂತೆ ಮಾಡಿಕೊಂಡೆ. ಮೂವತ್ತರ ವೇಗ. ಅಪ್ಪ ಹೇಳಿದ ಮೇಲೆ ನನಗೂ ಕೇಳಿಸತೊಡಗಿತು, ಹಿಂದುಗಡೆ ಯಾರೋ ಹಲ್ಲು ಕಡಿದಂಥ ಒಂದು ಸಣ್ಣ ಸದ್ದು. ಹೊರಗೆ ಬಿಸಿಲು ಇನ್ನೂ ಇತ್ತು. ತೆಂಗಿನ ತೋಟಗಳು, ರಾಗಿ ಕೊಯ್ಲಾದ ಹೊಲಗಳು, ಮನೆಗೆ ಹೊರಟ ದನಗಳು, ಎಲ್ಲ ಎಂದಿನಂತೆಯೇ ಇದ್ದವು. ಕಾರಿನೊಳಗೆ ಮಾತ್ರ ಇನ್ನೊಬ್ಬರು ಉಸಿರು ಬಿಗಿಹಿಡಿದು ಕೂತಂಥ ನಿಶ್ಶಬ್ದ. ಒಂದು ಗುಂಡಿ ಇಳಿದಾಗ ತಡೆಯಲಾರದೆ ಗಟ್ಟಿಯಾಗಿ ಹೇಳಿಬಿಟ್ಟೆ:

"ನಿಧಾನಕ್ಕೇ ಹೋಗ್ತೀನಿ. ಹೆದರ್ಕೋಬೇಡಿ."

ಹೇಳಿದ ಮೇಲೆ ನಾಚಿಕೆಯಾಯಿತು. ಸರ್ಕಾರಿ ನೌಕರ, ಖಾಲಿ ಸೀಟಿಗೆ ಸಮಾಧಾನ ಹೇಳುತ್ತಿದ್ದೇನೆ. ನೇರವಾಗಿ ಶಿರಾ ಗೇಟಿಗೆ ಹೋಗಿ ಕೀಲಿಕೈಯನ್ನು ರಿಯಾಜ್ ಭಾಯಿಯ ಕೈಗಿಟ್ಟೆ.

ಮರುದಿನ ಹನ್ನೊಂದು ಗಂಟೆಗೆ ಅವನ ಫೋನು ಬಂತು. "ಸಾರ್, ಒಂದ್ಸಲ ಬನ್ನಿ. ಮನೇಲಿ ಯಾರ್ಗೂ ಹೇಳ್ಬೇಡಿ" ಎಂದ.

ಹಿಂದಿನ ಸೀಟು ಕಿತ್ತು ಹೊರಗಿಟ್ಟಿದ್ದ. ನೆಲದ ರತ್ನಗಂಬಳಿಯನ್ನೂ ಅದರ ಕೆಳಗೆ ದಪ್ಪಗೆ ಬಳಿದಿದ್ದ ಟಾರಿನಂಥ ಕಪ್ಪನ್ನೂ ಕೆರೆದು ತೆಗೆದಿದ್ದ. ಅಲ್ಲಿ ಕಾರಿನ ಅಗಲಕ್ಕೂ ಒಂದು ವೆಲ್ಡಿಂಗ್ ಹೊಲಿಗೆ. ಎಡಗಡೆ, ಕಾಯಿಲೋವರಿನ ತಲೆ ಕೂರುವ ಜಾಗದ ಹತ್ತಿರ, ಆ ಹೊಲಿಗೆ ಒಂದು ಗೇಣುದ್ದ ಬಾಯಿ ಬಿಟ್ಟಿತ್ತು. ಅದರ ಸಂದಿನಿಂದ ಗ್ಯಾರೇಜಿನ ನೆಲ ಕಾಣುತ್ತಿತ್ತು.

"ಎರಡು ಕಾರು ಸಾರ್ ಇದು" ಎಂದ ರಿಯಾಜ್. "ಮುಂದೆ ಆಕ್ಸಿಡೆಂಟ್ ಆಗಿರೋದೊಂದು, ಹಿಂದೆ ಆಗಿರೋದೊಂದು. ಚೆನ್ನಾಗಿರೋ ಅರ್ಧರ್ಧ ಕೊಯ್ದು ಅಂಟ್ಸವ್ರೆ. ಹಳೇ ಶಾಕ್ ಸತ್ತೋಗಿತ್ತಲ್ಲ, ಮೆತ್ತಗಿತ್ತು, ತಡ್ಕೊಂಡಿತ್ತು. ನಾವು ಗಟ್ಟಿ ಹಾಕಿದ್ವಿ, ಬಿಚ್ಕೊಂತು. ಫಿಟ್ ಮಾಡುವಾಗ್ಲೇ ನಾನು ನೋಡ್ಬೇಕಿತ್ತು. ತಪ್ಪಾಯ್ತು ಸಾರ್. ಇನ್ನೊಂದು ದೊಡ್ಡ ಗುಂಡಿ ಸಿಕ್ಕಿದ್ರೆ ಹಿಂದಿನ ಚಕ್ರ ಒಳಗೇ ಬರ್ತಿತ್ತು."

ಅಲ್ಲಿದ್ದ ಒಂದು ಟೈರಿನ ಮೇಲೆ ಕೂತೆ. ಎಂಟು ಮಿಲಿಮೀಟರಿಗೆ ಕಾರಣ ಸಿಕ್ಕಿತಲ್ಲ ಎಂದು ಒಂದು ಕಡೆ ಸಮಾಧಾನವೂ ಆಯಿತು. ಓಡುವಾಗ ಬಿರುಕು ಬಾಯಿ ಬಿಡುತ್ತದೆ, ನಿಂತು ತಣ್ಣಗಾದಾಗ ಮುಚ್ಚುತ್ತದೆ.

"ಹಂಗಿರ್ಬೋದು" ಎಂದ ರಿಯಾಜ್, ಅರೆಮನಸ್ಸಿನಿಂದ. "ಆದ್ರೆ ದಿನಾ ಎಂಟೇ ಹೆಂಗೆ ಸಾರ್?"

ಮತ್ತೆ ಅವನು ನನ್ನನ್ನು ಹಿಂದಿನ ಎಡ ಬಾಗಿಲಿನ ಬಳಿ ಕರೆದು ಗಾಜಿನ ಮೂಲೆ ತೋರಿಸಿದ. ಅಲ್ಲಿ ಸಣ್ಣಗೆ ಕೆತ್ತಿದ್ದ ನಂಬರು ನನ್ನ ಕಾರಿನದಾಗಿರಲಿಲ್ಲ. ತುಮಕೂರು ನೋಂದಣಿಯದು.

"ಈ ನಂಬರ್ ಕಾರಿಗೆ ನಾನೇ ಎರಡು ಸಲ ಸರ್ವೀಸ್ ಮಾಡಿದೀನಿ. ಇಡೀ ತುಮಕೂರಲ್ಲಿ ಈ ಥರದ್ದು ಆವಾಗ ಒಂದೇ ಇತ್ತು. ಗುಬ್ಬಿ ಕೊಬ್ಬರಿ ಮಂಡಿ ಸಾಹುಕಾರ್ರದು. ನಾಲ್ಕು ವರ್ಷ ಆಯ್ತು, ಲಾರಿಗೆ ಹಿಂದಿಂದ ಹೊಡೆದು ಅವರು ತೀರ್ಕೊಂಡ್ರು. ಹಿಂದಿನ ಸೀಟಲ್ಲಿ ಅವ್ರ ಅಕ್ಕ ಇದ್ರಂತೆ."

"ಅವರು?"

"ಗೊತ್ತಿಲ್ಲ ಸಾರ್" ಎಂದು ಅವನು ನೆಲ ನೋಡಿದ.

ಭಾನುವಾರ ಬಸ್ಸಿನಲ್ಲಿ ಗುಬ್ಬಿಗೆ ಹೋದೆ. ವ್ಯಾಪಾರಿಯ ಮೇಲೆ ದೂರು ಕೊಡಬೇಕಾದರೆ ಹಳೆಯ ಕಾರಿನವರ ಮಾತು ಬೇಕು ಎಂಬುದು ನಾನು ಸುಧಾಗೆ ಹೇಳಿದ ನೆಪ. ಮನೆ ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಕೊಬ್ಬರಿ ಒಣಗಿಸಿದ್ದರು, ಬಿಸಿಲಿಗೆ ಎಣ್ಣೆಯ ಕಮಟು. ಬಾಗಿಲು ತೆರೆದೇ ಇತ್ತು. ಚಪ್ಪಲಿ ಬಿಡಲು ಬೀದಿಯ ಕಡೆ ತಿರುಗಿ ಬಗ್ಗಿದ್ದೆ. ಒಳಗಿನಿಂದ ಒಂದು ಹೆಂಗಸಿನ ದನಿ ಬಂತು:

"ಬಂದ್ರಾ? ಒಳಗೆ ಬನ್ನಿ."

ಅರವತ್ತೈದರ ಆಸುಪಾಸಿನವರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಎಡಗಾಲನ್ನು ತುಸು ಎಳೆದು ನಡೆಯುತ್ತಿದ್ದರು. ಬೇರೆ ಯಾರನ್ನೋ ಕಾಯುತ್ತಿದ್ದಾರೆಂದು ನಾನು ಹೆಸರು ಹೇಳಿ, ತುಮಕೂರಿನವನೆಂದೂ, ಅವರ ಹಳೆಯ ಕಾರಿನ ಅರ್ಧ ನನ್ನ ಬಳಿ ಇದೆಯೆಂದೂ ಹೇಳಿದೆ. ಆಮೇಲೆ, ಅಪಘಾತದ ದಿನ ಹಿಂದಿನ ಎಡಗಡೆ ಯಾರು ಕೂತಿದ್ದರು ಎಂದು ಕೇಳಿದೆ.

"ನಾನೇ. ಸರ್ವಮಂಗಳ ಅಂತ, ಹೋದವನ ಅಕ್ಕ. ಇಲ್ಲೇ ಸ್ಕೂಲಲ್ಲಿ ಟೀಚರಾಗಿದ್ದೆ" ಎಂದರು.

ನನಗೆ ನಗು ಬಂದುಬಿಟ್ಟಿತು. ಬದುಕಿದ್ದಾರೆ, ಎದುರಿಗೇ ಕೂತಿದ್ದಾರೆ, ಕಾಫಿ ಲೋಟ ನನ್ನ ಕಡೆ ತಳ್ಳುತ್ತಿದ್ದಾರೆ! ಒಂದು ವಾರದಿಂದ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ನನ್ನ ಹೆದರಿಕೆಯ ಕಥೆಯನ್ನು ಹೇಳಿ ಇಬ್ಬರೂ ನಗಬಹುದು ಎಂದುಕೊಂಡೆ. ಅವರು ನಗಲಿಲ್ಲ.

"ದಿನಾ ಎಂಟೂವರೆಗೆ ಹೊರಡ್ತೀರಲ್ವಾ?"

ಲೋಟ ತುಟಿಯ ಹತ್ತಿರವೇ ನಿಂತಿತು.

"ನಿಮ್ಮ ಮುಖ ನಾನು ನೋಡಿಲ್ಲ. ಎಡಗಿವಿ ಗೊತ್ತು, ತಲೆ ಹಿಂದಿನ ಬೋಳು ಗೊತ್ತು. ಚಪ್ಪಲಿ ಬಿಡೋಕೆ ತಿರುಗಿದ್ರಲ್ಲ, ಆಗ ನೀವೇ ಅಂತ ತಿಳೀತು." ಅವರ ದನಿಯಲ್ಲಿ ಏರಿಳಿತವೇ ಇರಲಿಲ್ಲ, ಹಾಜರಿ ತೆಗೆದುಕೊಳ್ಳುವ ಹಾಗೆ. "ಗೌರಿ ಹಬ್ಬ ಆದ್ಮೇಲಿಂದ ಶುರುವಾಯ್ತು. ಬೆಳಿಗ್ಗೆ ಪೂಜೆಗೆ ಕೂತ್ರೆ ಮಣೆ ಅಲ್ಲಾಡ್ದಂಗಾಗ್ತದೆ. ಕಣ್ಣು ಮುಚ್ಚಿದ್ರೆ ಆ ಸೀಟಲ್ಲಿ ಕೂತಿರ್ತೀನಿ. ಒಂದು ದೊಡ್ಡ ಕೆರೆ, ಬೇಲಿ ಆಚೆ ಕುದುರೆಗಳು. ನಾನು ಹುಟ್ಟಿದ ಮೇಲೆ ಕುಣಿಗಲ್ ಕಡೆ ಹೋದವಳಲ್ಲ. ಸಂಜೆ ಇನ್ನೊಂದು ಸಲ. ಮೊದಮೊದಲು ಉಯ್ಯಾಲೆ ಥರ ಇರ್ತಿತ್ತು. ಈಗ ಮೂರು ವಾರದಿಂದ ಗಟ್ಟಿ ಆಗಿಬಿಟ್ಟಿದೆ. ಸೊಂಟ ನೋಯ್ತದೆ."

ಗುಬುಟು ಗಟ್ಟಿಯ ಕಡೆ ತಿರುಗಿಸಿ ಮೂರು ವಾರವಾಗಿತ್ತು. "ಮೆತ್ತಗೆ ಮಾಡ್ಬೋದಿತ್ತು" ಎಂದೆ.

"ನೀವು ಹಾಡ್ತೀರ" ಎಂದರು. "ಶ್ರುತಿ ಸೇರಲ್ಲ. ಮೊನ್ನೆ ಹಾಡ್ಲಿಲ್ಲ. ಹೆದರ್ಕೋಬೇಡಿ ಅಂದ್ರಿ."

ಹೊರಗೆ ಯಾರೋ ಕೊಬ್ಬರಿ ಮಗುಚುತ್ತಿದ್ದರು. ಸರ್ವಮಂಗಳಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ಆವತ್ತು ನನ್ನನ್ನ ಹೊರಗೆ ಎಳೆದವರಿಗೆ ಸಿಕ್ಕಿದ್ದು ಮೈ ಮಾತ್ರ ಅನ್ನಿಸ್ತದೆ ನಂಗೆ. ತಮ್ಮ ಸ್ಟೀರಿಂಗ್ ಮೇಲೆ ಒರಗಿದ್ದ. ಅವನನ್ನ ಬಿಟ್ಟು ಹೆಂಗೆ ಇಳೀಲಿ ಅಂತ ಕೂತೇ ಇದ್ದೆ. ಹಂಗೇ ಉಳ್ಕೊಂಬಿಟ್ಟೆ." ಆಮೇಲೆ ಕೇಳಿದರು: "ಅದನ್ನ ಏನ್ಮಾಡ್ತೀರಿ ಈಗ?"

"ಇನ್ನೂ ಯೋಚನೆ ಮಾಡಿಲ್ಲ ಅಮ್ಮ" ಎಂದು ನನ್ನ ಫೋನ್ ನಂಬರ್ ಬರೆದುಕೊಟ್ಟೆ.

"ಬೇರೆ ಯಾರಿಗೂ ಕೊಡ್ಬೇಡಿ. ನೀವಾದ್ರೆ ನಿಧಾನ. ಬೇರೆಯವರು ಹೆಂಗೋ ಏನೋ. ನಂಗೆ ಹೆದರಿಕೆ ಆಗ್ತದೆ."

ನಾನು ಯೋಚನೆ ಮಾಡಿಲ್ಲ ಎಂದದ್ದು ಸುಳ್ಳು. ಹ್ಯಾಗೋ ಸುದ್ದಿ ಮುಟ್ಟಿದ್ದ ಬೆಂಗಳೂರಿನ ವ್ಯಾಪಾರಿ ಹಿಂದಿನ ರಾತ್ರಿಯೇ ಫೋನು ಮಾಡಿದ್ದ. ದೂರು ಗೀರು ಬೇಡ ಸಾರ್, ಕಾರು ವಾಪಸ್ ಕೊಡಿ, ಬೇರೆ ಒಳ್ಳೆಯ ಕಾರು ಕೊಡ್ತೀನಿ ಎಂದಿದ್ದ. ನಾನು ಹೆಚ್ಚುಕಡಿಮೆ ಹೂಂ ಅಂದಿದ್ದೆ. ಅವನು ಆ ಬಿರುಕಿಗೆ ಮತ್ತೆ ವೆಲ್ಡಿಂಗ್ ಹೊಡೆಸಿ, ಮತ್ತೆ ಕಪ್ಪು ಬಳಿದು, ಮತ್ತೊಬ್ಬ ಸಂಸಾರವಂದಿಗನಿಗೆ ಮಾರುತ್ತಾನೆ ಎಂಬುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿಲ್ಲದವನ ಹಾಗೆ ಇರಬಹುದೇ ಎಂದು ಒಂದು ದಿನ ನೋಡುತ್ತಿದ್ದೆ, ಅಷ್ಟೆ. ಗುಬ್ಬಿಯಿಂದ ಬಂದವನೇ ಅವನಿಗೆ ಕೊಡುವುದಿಲ್ಲ ಎಂದು ಹೇಳಿ, ಪೊಲೀಸರಿಗೆ ದೂರು ಬರೆದುಕೊಟ್ಟೆ. ಅವರು ಬಂದು ಹೊಲಿಗೆಯ ಫೋಟೋ ತೆಗೆದುಕೊಂಡು ಮಹಜರು ಮುಗಿಸಿದರು. ಕಾರನ್ನು ಗುಜರಿಗೆ ಹಾಕಲು ಒಪ್ಪಿಗೆ ಸಿಕ್ಕಿದ ದಿನ ರಿಯಾಜಿಗೆ ಹೇಳಿದೆ.

ತುಮಕೂರಿನ ಹೊರಗಿನ ಗುಜರಿ ಅಂಗಳದಲ್ಲಿ, ಒಂದು ಬುಧವಾರ ಮಧ್ಯಾಹ್ನ, ರಿಯಾಜ್ ಭಾಯ್ ನಾಲ್ಕೂ ಕಾಯಿಲೋವರ್ ಬಿಚ್ಚಿ ಗೋಣಿತಾಟಿನಲ್ಲಿ ಸುತ್ತಿಟ್ಟ. ಕಾರು ಹೊಟ್ಟೆಯ ಮೇಲೆ ಕೂತಿತು. ಹಳೆಯ ಹೊಲಿಗೆಯ ಮೇಲೇ ಗ್ಯಾಸ್ ಕಟರ್ ಹಿಡಿದರು. ನೀಲಿ ಬೆಂಕಿ, ಕಿಡಿ, ಸುಟ್ಟ ಬಣ್ಣದ ವಾಸನೆ. ಇವತ್ತು ಕೊಯ್ಯುತ್ತೇವೆಂದು ನಾನು ಗುಬ್ಬಿಗೆ ತಿಳಿಸಿರಲಿಲ್ಲ. ಅವರ ಮನಸ್ಸಿಗೆ ಕಸಿವಿಸಿಯಾಗುವುದು ಬೇಡವೆಂದು. ಹಿಂದಿನ ಅರ್ಧ ಕಳಚಿ ಧೊಪ್ಪೆಂದು ನೆಲಕ್ಕೆ ಬಿತ್ತು. ಅದರ ಧೂಳು ಇಳಿಯುವ ಮೊದಲೇ ನನ್ನ ಜೇಬಿನ ಫೋನು ಬಡಿದುಕೊಂಡಿತು.

"ಇಳಿದೆ ಕಣಪ್ಪ" ಎಂದರು ಸರ್ವಮಂಗಳಮ್ಮ. "ಇದ್ಯಾವ ಜಾಗ? ಎಲ್ಲಿ ನೋಡಿದ್ರೂ ಬರೀ ಕಬ್ಬಿಣ. ಮನೆಗೆ ಹೋಗೋ ದಾರಿ ತಿಳೀತಿಲ್ಲ ನಂಗೆ."

"ಎಲ್ಲಿದೀರ ಅಮ್ಮ ನೀವು?"

"ನಾನು ಮನೇಲೇ ಇದೀನಲ್ಲಪ್ಪ, ದೇವರ ಮುಂದೆ. ಆದ್ರೂ ದಾರಿ ತಿಳೀತಿಲ್ಲ."

ರಿಯಾಜ್ ನನ್ನ ಮುಖ ನೋಡಿ ಕಟರ್ ನಿಲ್ಲಿಸಲು ಕೈ ಮಾಡಿದ. ನಾನು ಸುತ್ತ ನೋಡಿದೆ. ಉರಿಬಿಸಿಲು. ಕೊಯ್ದು ಬಿದ್ದ ಅರ್ಧ ಕಾರಿನ ಎಡ ಬಾಗಿಲು ತಾನಾಗಿ ತೆರೆದುಕೊಂಡಿತ್ತು. ಅಲ್ಲಿ ಯಾರೂ ಇರಲಿಲ್ಲ.

"ಅಲ್ಲೇ ಇರಿ. ನಾನು ಕರ್ಕೊಂಡ್ ಬರ್ತೀನಿ" ಎಂದೆ.

ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆ. ಗುಬ್ಬಿ ಬಸ್ಸು ಹೊರಡುವುದರಲ್ಲಿತ್ತು. ಇಬ್ಬರ ಸೀಟು ನೋಡಿ, ಕಿಟಕಿಯ ಕಡೆ ಬಿಟ್ಟು ಈಚೆ ಕೂತೆ. ಯಾರೋ ಬಂದು ಕೂರಲು ನೋಡಿದರು. ಜನ ಇದ್ದಾರೆ ಎಂದೆ. ಕಂಡಕ್ಟರ್ ಬಂದ.

"ಎರಡು ಗುಬ್ಬಿ."

"ಇನ್ನೊಬ್ರೆಲ್ಲಿ ಸಾರ್?"

"ಇದ್ದಾರೆ. ಲೇಡೀಸು."

"ಲೇಡೀಸ್ ಆದ್ರೆ ಫ್ರೀ. ಆಧಾರ್ ತೋರ್ಸಿ."

"ಇಲ್ಲ. ಎರಡೂ ದುಡ್ಡಿಂದೇ ಕೊಡಿ."

ಅವನು ಕಿಟಕಿಯ ಕಡೆಯ ಸೀಟನ್ನೂ ನನ್ನನ್ನೂ ನೋಡಿ, ಎರಡು ಚೀಟಿ ಹರಿದುಕೊಟ್ಟ. ದಾರಿಯುದ್ದಕ್ಕೂ ನಾನು ಪಕ್ಕಕ್ಕೆ ನೋಡಲಿಲ್ಲ. ಬಸ್ಸು ಹಳ್ಳ ದಿಣ್ಣೆಗಳಲ್ಲಿ ಎತ್ತಿ ಕುಕ್ಕಿದಾಗ ಮಾತ್ರ ಎದುರಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ, ನನ್ನ ತೋಳು ಅಡ್ಡವಾಗಿರಲಿ ಎಂದು. ಗುಬ್ಬಿಯಲ್ಲಿ ನಾನು ಮೊದಲು ಇಳಿದು, ವಯಸ್ಸಾದವರಿಗೆ ಕಾಯುವ ಹಾಗೆ ಬಾಗಿಲಲ್ಲಿ ತುಸು ನಿಂತೆ. ಕಂಡಕ್ಟರ್ ಸೀಟಿ ಊದದೆ ತಾನೂ ನಿಂತ. ಯಾಕೋ ಗೊತ್ತಿಲ್ಲ.

ಅವರ ಮನೆಯವರೆಗೆ ನಿಧಾನವಾಗಿ ನಡೆದೆ, ಎಡಗಾಲು ಎಳೆಯುವವರು ಜೊತೆಗಿದ್ದರೆ ನಡೆಯುವಷ್ಟು ನಿಧಾನ. ಸರ್ವಮಂಗಳಮ್ಮ ಹೊಸ್ತಿಲ ಒಳಗೆ ಗೋಡೆ ಹಿಡಿದು ನಿಂತಿದ್ದರು. ಮುಖದ ವಿಭೂತಿ ಬೆವರಿಗೆ ಇಳಿದಿತ್ತು. ಅವರು ನನ್ನನ್ನು ನೋಡಲಿಲ್ಲ. ನನ್ನ ಪಕ್ಕಕ್ಕೆ ನೋಡುತ್ತಿದ್ದರು.

"ಬಂದ್ವಾ?" ಎಂದು ಕೇಳಿದರು.

"ಬಂದ್ವಿ ಅಮ್ಮ" ಎಂದೆ.

ಅವರು ಹೊಸ್ತಿಲಿನಿಂದ ಸರಿದು ದಾರಿ ಬಿಟ್ಟರು.